ದಂಡವೋ, ರಾಜಿಯೋ, ಶುಲ್ಕವೋ?

ಹಾವೇರಿಯ ಹಳೆಯ ಪಿ.ಬಿ. ರಸ್ತೆಯಲ್ಲಾಗಲಿ, ರಾಣೆಬೆನ್ನೂರಿನ ಪೇಟೆಯಲ್ಲಾಗಲಿ, ಬ್ಯಾಡಗಿಯ ಮುಖ್ಯ ಬೀದಿಯಲ್ಲಾಗಲಿ ಗಾಡಿಯನ್ನು ಹಚ್ಚಿ ಅಂಗಡಿಯೊಳಗೆ ಹೋದ ಪೌರನು ಹೊರಗೆ ಬರುವಷ್ಟರಲ್ಲಿ ಅವನಿಗಾಗಿ ಒಂದು ಚೀಟಿ ಸಿದ್ಧವಾಗಿರುವುದುಂಟು. ಕೆಲವೊಮ್ಮೆ ಚೀಟಿಯ ಬದಲು ಮೊಬೈಲಿಗೆ ಸಂದೇಶ ಬಂದು ಬೀಳುವುದುಂಟು. ‘ದಂಡ ಬಿತ್ತು’ ಎನ್ನುತ್ತಾನೆ ಅವನು. ‘ದಂಡ ಹಾಕಿದೆವು’ ಎನ್ನುತ್ತಾರೆ ಪೊಲೀಸರು. ಮರುದಿನದ ಪತ್ರಿಕೆಯೂ ‘ದಂಡ ವಸೂಲಿ’ ಎಂದೇ ಅಚ್ಚು ಹಾಕುತ್ತದೆ. ಹೀಗೆ ಕೊಡುವವರು, ಕೊಳ್ಳುವವರು, ವರದಿ ಮಾಡುವವರು ಮೂವರೂ ಒಂದೇ ಮಾತನ್ನು ಆಡುತ್ತಿರುವಾಗ ಅದರಲ್ಲಿ ಸಂದೇಹಕ್ಕೆ ಎಡೆಯೆಲ್ಲಿ ಎಂದು ತೋರುವುದು ಸಹಜ. ಆದರೆ ಕಾಯಿದೆಯ ಪುಸ್ತಕವನ್ನು ತೆರೆದು ನೋಡಿದರೆ ಆ ಚೀಟಿಯು ದಂಡವೇ ಅಲ್ಲ. ಅದು ಒಂದು ಆಪಾದನೆ. ಅದರ ಮೇಲೆ ಸ್ಥಳದಲ್ಲಿಯೇ ಕೊಟ್ಟ ಹಣವು ರಾಜಿಯ ಹಣ. ದಂಡವೆಂಬುದು ಅಪರಾಧವು ಸ್ಥಿರಪಟ್ಟ ತರುವಾಯ ನ್ಯಾಯಾಧೀಶರು ವಿಧಿಸತಕ್ಕದ್ದು.

ಇದು ಬರಿಯ ಪದಜಿಜ್ಞಾಸೆಯೆಂದು ಓದುಗರಲ್ಲಿ ಕೆಲವರು, ವಿಶೇಷವಾಗಿ ಕಚೇರಿಗಳಲ್ಲಿ ಪಳಗಿದವರು, ಮುಗುಳುನಗಬಹುದು. ಐನೂರು ರೂಪಾಯಿ ಕಳೆದುಕೊಂಡವನಿಗೆ ಅದರ ಹೆಸರು ಯಾವುದಾದರೇನು ಎಂದು ಕೇಳಲೂಬಹುದು. ಉತ್ತರವು ಕಾಯಿದೆಯಲ್ಲಿಯೇ ಇದೆ. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೨೦೦ನೆಯ ಕಲಮು, ರಾಜ್ಯ ಸರಕಾರವು ಗೊತ್ತುಪಡಿಸಿದ ಅಧಿಕಾರಿಗಳಿಗೆ ಕೆಲವು ಅಪರಾಧಗಳನ್ನು ನಿಗದಿಯಾದ ಹಣ ಪಡೆದು ರಾಜಿ ಮಾಡಿಕೊಳ್ಳುವ ಅಧಿಕಾರವನ್ನು ಕೊಟ್ಟಿದೆ. ರಾಜಿಯೆಂದರೆ ಇಬ್ಬರ ಒಪ್ಪಿಗೆ. ಒಪ್ಪದವನು ‘ನಾನು ತಪ್ಪು ಮಾಡಿಲ್ಲ, ನನ್ನ ಮಾತನ್ನು ನ್ಯಾಯಾಧೀಶರ ಮುಂದೆ ಹೇಳಿಕೊಳ್ಳುತ್ತೇನೆ’ ಎನ್ನಬಹುದು; ಹಾಗೆ ಹೇಳಿಕೊಳ್ಳಲು ಈ ಮೂರೂ ಊರುಗಳಲ್ಲಿ ಮ್ಯಾಜಿಸ್ಟ್ರೇಟರ ನ್ಯಾಯಾಲಯಗಳಿವೆ. ಆದರೆ ‘ದಂಡ’ವೆಂಬ ಮಾತನ್ನು ಕೇಳಿದವನಿಗೆ ತೀರ್ಪು ಆಗಲೇ ಆಗಿಹೋಗಿದೆಯೆಂದು ಅನ್ನಿಸುತ್ತದೆ. ತೀರ್ಪಾದ ಮೇಲೆ ವಾದವೆಲ್ಲಿ? ಆತನು ಜೇಬಿಗೆ ಕೈ ಹಾಕುತ್ತಾನೆ. ಒಂದು ತಪ್ಪು ಹೆಸರಿನಿಂದ ಒಂದು ಹಕ್ಕು ಹೀಗೆ ಸದ್ದಿಲ್ಲದೆ ಕೈಬಿಟ್ಟು ಹೋಗುತ್ತದೆ.

ಇಷ್ಟಕ್ಕೇ ಮುಗಿಯುವುದಿಲ್ಲ. ಕೊಟ್ಟು ಕೈತೊಳೆದುಕೊಂಡೆನೆಂದು ತಿಳಿದವನಿಗಾಗಿ ಅದೇ ಕಲಮಿನಲ್ಲಿ ೨೦೧೯ರ ತಿದ್ದುಪಡಿಯು ಇನ್ನೊಂದು ಮಾತನ್ನು ಸೇರಿಸಿತು. ರಾಜಿಯಾದ ಅಪರಾಧವನ್ನೂ, ಮುಂದೊಮ್ಮೆ ಅದೇ ತಪ್ಪು ನಡೆದಾಗ, ಹಿಂದೆ ಮಾಡಿದ ಅಪರಾಧವೆಂದೇ ಲೆಕ್ಕ ಹಿಡಿಯತಕ್ಕದ್ದು. ಆ ತಿದ್ದುಪಡಿಯು ೨೦೧೯ರ ಸೆಪ್ಟೆಂಬರ್ ೧ರಿಂದ ಜಾರಿಗೆ ಬಂದಾಗ ೧೭೭ನೆಯ ಕಲಮಿನ ಸಾಮಾನ್ಯ ದಂಡದ ಮಿತಿಯು ಮೊದಲ ಸಲಕ್ಕೆ ೧೦೦ ರೂಪಾಯಿಯಿಂದ ೫೦೦ಕ್ಕೂ, ಎರಡನೆಯ ಹಾಗೂ ಮುಂದಿನ ಸಲಗಳಿಗೆ ೩೦೦ರಿಂದ ೧,೫೦೦ಕ್ಕೂ ಏರಿತು. ಎಂದ ಬಳಿಕ, ಜಗಳವೇಕೆಂದು ಇಂದು ಹಣ ಕೊಟ್ಟು ಹೋದ ರಾಣೆಬೆನ್ನೂರಿನ ಬೀಜದ ವ್ಯಾಪಾರಿಯು ನಾಳೆ ‘ಎರಡನೆಯ ಸಲದ ಅಪರಾಧಿ’ ಎನಿಸಿಕೊಳ್ಳಬಹುದು. ಆತನು ತನ್ನ ಮಟ್ಟಿಗೆ ಮೊದಲ ಸಲ ತಪ್ಪನ್ನೇ ಒಪ್ಪಿಕೊಂಡಿರಲಿಲ್ಲ, ಹೊತ್ತು ಉಳಿಸಿಕೊಂಡಿದ್ದನಷ್ಟೇ. ಈ ಸಂಗತಿಯನ್ನು ಆತನಿಗೆ ಚೀಟಿ ಕೊಡುವಾಗ ಕನ್ನಡದಲ್ಲಿ ಒಂದು ಸಾಲಿನಲ್ಲಿ ತಿಳಿಸಿದ್ದರೆ ಆತನ ನಿರ್ಧಾರವು ಬೇರೆಯಾಗುತ್ತಿತ್ತೋ ಏನೋ.

ಚೀಟಿಯ ಹೆಸರಾದರೂ ಸರಿಯಾಗಿದೆಯೇ ಎಂದರೆ ಅದೂ ಇಲ್ಲ. ‘ಚಲನ್’ ಎಂಬ ಶಬ್ದವು ನಮ್ಮ ಸೀಮೆಯ ಜನಕ್ಕೆ ಹೊಸತಲ್ಲ. ಖಜಾನೆಗೆ, ಬ್ಯಾಂಕಿಗೆ ಸರಕಾರದ ಹಣ ಕಟ್ಟುವಾಗ ತುಂಬುವ ಕಾಗದವೇ ಚಲನ್. ‘ಚಲನ್ ಕಟ್ಟಿ ಬಂದೆ’ ಎಂದರೆ ಹಣ ಸಂದಾಯವಾಯಿತೆಂದೇ ಅರ್ಥ. ಉತ್ತರ ಹಿಂದುಸ್ಥಾನದ ಪೊಲೀಸು ಕಚೇರಿಗಳಲ್ಲಿ ಅದೇ ಶಬ್ದಕ್ಕೆ ಆಪಾದಿತನನ್ನು ನ್ಯಾಯಾಲಯಕ್ಕೆ ಕಳುಹಿಸುವ ಕಾಗದವೆಂಬ ಅರ್ಥವು ಬೆಳೆದುಬಂದಿದೆ. ಕೇಂದ್ರದ ನಿಯಮಗಳು ಆ ಅರ್ಥವನ್ನು ಹಿಡಿದವು; ನಾವು ಶಬ್ದವನ್ನು ತೆಗೆದುಕೊಂಡೆವು, ಅರ್ಥವು ದಾರಿಯಲ್ಲೇ ಉಳಿಯಿತು. ಇದರ ಫಲವಾಗಿ ‘ಇ-ಚಲನ್’ ಬಂದಿದೆಯೆಂದಾಗ ಎಷ್ಟೋ ಮಂದಿ ಅದನ್ನು ಕಟ್ಟಬೇಕಾದ ಬಿಲ್ಲೆಂದು, ವಿದ್ಯುತ್ತಿನ ಬಿಲ್ಲಿನ ಸಾಲಿನಲ್ಲಿ ಸೇರಿಸುತ್ತಾರೆ. ಅದು ತನ್ನ ಮೇಲೆ ಹೊರಿಸಿದ ಅಪರಾಧವೆಂದು, ಅದಕ್ಕೆ ಉತ್ತರ ಹೇಳುವ ಅವಕಾಶವುಂಟೆಂದು ಬಗೆಯುವವರು ವಿರಳ. ಕ್ಯಾಮರಾದ ಕಣ್ಣಿನಿಂದ ಹಿಡಿದ ತಪ್ಪಿಗೆ ಹದಿನೈದು ದಿನಗಳೊಳಗಾಗಿ ತಿಳಿವಳಿಕೆ ಕಳುಹಿಸತಕ್ಕದ್ದೆಂದು ೨೦೨೧ರ ಆಗಸ್ಟಿನಲ್ಲಿ ಸೇರಿಸಿದ ೧೬೭-ಎ ನಿಯಮವು ಹೇಳಿತೆಂಬುದೂ ಬಹುಜನರಿಗೆ ತಿಳಿಯದು. ಬಿಲ್ಲಿಗೆ ಅವಧಿಯ ಪ್ರಶ್ನೆ ಏಳುವುದಿಲ್ಲವಷ್ಟೆ!

ಇನ್ನು ಶುಲ್ಕ. ಬಸ್ಸು ನಿಲ್ದಾಣದ ಮಗ್ಗುಲಲ್ಲಿ, ರೈಲು ನಿಲ್ದಾಣದ ಎದುರಿನಲ್ಲಿ, ಸಂತೆಯ ಬಯಲಿನಲ್ಲಿ ಗುತ್ತಿಗೆದಾರರ ಆಳು ಹರಿದುಕೊಡುವ ಚೀಟಿಯು ಸ್ಥಳದ ಬಾಡಿಗೆ. ಅದನ್ನು ಕೊಡದೆ ಹೋದವನು ಬಾಕಿದಾರನಾಗಬಹುದಲ್ಲದೆ ಅಷ್ಟರಿಂದಲೇ ಅಪರಾಧಿಯಾಗಲಾರನು. ಗುತ್ತಿಗೆದಾರನು ‘ಎರಡು ಪಟ್ಟು ದಂಡ’ ಎಂದು ಫಲಕ ಬರೆಸಿ ತೂಗುಹಾಕಿದರೆ, ಆ ಅಧಿಕಾರವನ್ನು ಯಾವ ಕಾಯಿದೆಯು ಕೊಟ್ಟಿತೆಂದು ಕೇಳುವ ಹಕ್ಕು ಪ್ರತಿಯೊಬ್ಬ ಪೌರನಿಗೂ ಉಂಟು.

ನಾಲ್ಕನೆಯದು ಗಾಡಿಯನ್ನು ಎಳೆದೊಯ್ಯುವ ವೆಚ್ಚ. ೧೨೭ನೆಯ ಕಲಮಿನಂತೆ, ಹತ್ತು ಗಂಟೆಗೂ ಮಿಕ್ಕಿ ಸಾರ್ವಜನಿಕ ಸ್ಥಳದಲ್ಲಿ ಬಿಟ್ಟ ವಾಹನವನ್ನೂ, ನಿಲುಗಡೆಯನ್ನು ಕಾನೂನುಪ್ರಕಾರ ನಿಷೇಧಿಸಿದ ಸ್ಥಳದಲ್ಲಿ ನಿಲ್ಲಿಸಿದ ವಾಹನವನ್ನೂ ಸಮವಸ್ತ್ರದಲ್ಲಿರುವ ಪೊಲೀಸು ಅಧಿಕಾರಿಯು ಎಳೆಸಿ ಒಯ್ಯಿಸಬಹುದು, ಗಾಲಿಗೆ ಬೀಗ ಹಾಕಿಸಬಹುದು. ಆ ವೆಚ್ಚವು ಮಾಲೀಕನದು. ಅದು ಬೇರೆ ದಂಡಕ್ಕೆ ಹೊರತಾದದ್ದು ಎಂದು ಕಾಯಿದೆಯು ಎರಡನ್ನೂ ಬಿಡಿಸಿ ಹೇಳಿದೆ. ವಸೂಲಿಯಲ್ಲಿ ಎರಡೂ ಒಂದೇ ಮೊತ್ತವಾಗಿ ಕಂಡಲ್ಲೆಲ್ಲ ಜನರು ಅಸಮಾಧಾನಗೊಳ್ಳುತ್ತಾರೆ. ಬೆಂಗಳೂರಿನಲ್ಲಿ ದೂರುಗಳು ಹೆಚ್ಚಿ ೨೦೨೨ರ ಆರಂಭದಲ್ಲಿ ಗಾಡಿ ಎತ್ತಿ ಒಯ್ಯುವ ಪದ್ಧತಿಯನ್ನೇ ನಿಲ್ಲಿಸಬೇಕಾಗಿ ಬಂದುದನ್ನು ಓದುಗರು ಮರೆತಿರಲಾರರು.

ಈ ವಿಷಯದಲ್ಲಿ ನಮ್ಮ ಅಜ್ಜಂದಿರು ನಮಗಿಂತ ಸ್ಪಷ್ಟರಾಗಿದ್ದರೆಂದು ಹೇಳಬೇಕಾಗುತ್ತದೆ. ಹಾವೇರಿ ಸೀಮೆಯು ಧಾರವಾಡ ಜಿಲ್ಲೆಯೊಡನೆ ಮುಂಬಯಿ ಇಲಾಖೆಯಲ್ಲಿದ್ದ ಕಾಲದ ಕೊಂಡವಾಡವನ್ನು ನೆನೆಯಿರಿ. ಹೊಲ ಹೊಕ್ಕ ದನವನ್ನು ಹಿಡಿದು ಕೊಂಡವಾಡಕ್ಕೆ ಅಟ್ಟಿದರೆ ಬಿಡಿಸಿಕೊಳ್ಳಲು ಬಂದ ಒಡೆಯನು ಎರಡು ಬಗೆಯ ಹಣ ಕೊಡಬೇಕಿತ್ತು: ಒಂದು ದಂಡ, ಇನ್ನೊಂದು ದನಕ್ಕೆ ಹಾಕಿದ ಮೇವು ನೀರಿನ ಖರ್ಚು. ೧೮೭೧ರ ದನಗಳ ಅತಿಕ್ರಮಣದ ಕಾಯಿದೆಯು ಇವೆರಡನ್ನೂ ಬೇರೆ ಬೇರೆ ಲೆಕ್ಕದಲ್ಲಿ ಇರಿಸಿತ್ತು. ಅಷ್ಟೇ ಅಲ್ಲ, ಅನ್ಯಾಯವಾಗಿ ದನ ಹಿಡಿಯಲ್ಪಟ್ಟವನು ಹತ್ತು ದಿನಗಳೊಳಗೆ ಮ್ಯಾಜಿಸ್ಟ್ರೇಟರಲ್ಲಿ ದೂರು ಕೊಡಬಹುದಾಗಿತ್ತು. ದೂರು ದಿಟವಾದರೆ ನೂರು ರೂಪಾಯಿಯವರೆಗೆ ಪರಿಹಾರವೂ ಇತ್ತು. ಆ ಕಾಲದ ನೂರು ರೂಪಾಯಿ! ಪರಕೀಯ ಸರಕಾರವು ಎತ್ತಿನ ಒಡೆಯನಿಗೆ ಕೊಟ್ಟಷ್ಟು ಸ್ಪಷ್ಟತೆಯನ್ನು ಸ್ವಕೀಯ ಸರಕಾರವು ಮೋಟಾರು ಸೈಕಲ್ಲಿನ ಒಡೆಯನಿಗೆ ಕೊಡಲಾರದೇ?

ಹಣದ ಹೆಸರುಗಳಿಂದ ತಪ್ಪಿನ ಹೆಸರಿಗೆ ಬರೋಣ. ‘ನೋ ಪಾರ್ಕಿಂಗ್’ ಎಂಬ ಫಲಕವನ್ನು ಕಂಡು ಕನ್ನಡಾಭಿಮಾನಿಗಳು ಸಿಡುಕುವುದುಂಟು. ೨೦೨೩ರ ಜನವರಿಯಲ್ಲಿ ೮೬ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವನ್ನು ನಡೆಸಿದ ಹಾವೇರಿಯಲ್ಲಿ ಆ ಸಿಡುಕು ಸ್ವಾಭಾವಿಕವೇ. ಆದರೂ ನಮ್ಮ ತಕರಾರು ಅದಲ್ಲ. ಪಾರ್ಕಿಂಗ್ ಎಂಬುದು ಇಂದು ಹಳ್ಳಿಯವನಿಗೂ ತಿಳಿದ ಮಾತು. ತೊಡಕಿರುವುದು ಅದರ ಕನ್ನಡದಲ್ಲಿ. ರಸ್ತೆಯ ಸಂಜ್ಞೆಗಳಲ್ಲಿ ಎರಡು ಬಗೆಯುಂಟು. ನೀಲಿಯ ವೃತ್ತದಲ್ಲಿ ಒಂದೇ ಕೆಂಪು ಓರೆಗೆರೆಯಿದ್ದರೆ ಗಾಡಿಯನ್ನು ಅಲ್ಲಿ ಬಿಟ್ಟು ಹೋಗಬಾರದು. ಎರಡು ಗೆರೆಗಳು ಅಡ್ಡ ಹಾಯ್ದಿದ್ದರೆ ಗಳಿಗೆಯ ಮಟ್ಟಿಗೂ ನಿಲ್ಲಿಸಕೂಡದು. ನಮ್ಮ ಫಲಕಗಳ ಕನ್ನಡವು ಎರಡಕ್ಕೂ ‘ವಾಹನ ನಿಲ್ಲಿಸಬಾರದು’ ಎಂದುಬಿಡುತ್ತದೆ. ಮುದುಕಿಯೊಬ್ಬಳನ್ನು ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿ ಮುಂದೆ ಸಾಗುವವನಿಗೂ, ಅದೇ ಬಾಗಿಲಿಗೆ ಗಾಡಿ ಒಡ್ಡಿ ಎರಡು ತಾಸು ಮಾಯವಾಗುವವನಿಗೂ ಹೀಗೆ ಭೇದವಿಲ್ಲದೆ ಹೋಗುತ್ತದೆ. ಪಂಡಿತರು ಪದಕೋಶ ಹುಡುಕುವ ಕಾರಣವಿಲ್ಲ. ಈ ಸೀಮೆಯ ಬಾಯಿಮಾತಿನಲ್ಲಿಯೇ ಭೇದವುಂಟು: ಗಾಡಿ ನಿಲ್ಲಿಸುವುದು ಬೇರೆ, ಗಾಡಿ ಹಚ್ಚುವುದು ಬೇರೆ. ‘ಇಲ್ಲಿ ಗಾಡಿ ಹಚ್ಚಬಾರದು’ ಎಂದು ಬರೆಸಿದರೆ ಬ್ಯಾಡಗಿಯ ಹಮಾಲನಿಂದ ಹಿಡಿದು ಜಿಲ್ಲಾ ಕಚೇರಿಯ ಶಿರಸ್ತೇದಾರರವರೆಗೆ ಎಲ್ಲರಿಗೂ ತಿಳಿಯುತ್ತದೆ. ಅದು ಗ್ರಾಮ್ಯವೆಂದು ಮೂಗು ಮುರಿಯುವವರಿಗೆ ನಾವು ಹೇಳುವುದಿಷ್ಟೆ: ಕಾನೂನಿನ ಮಾತು ಮೊದಲು ತಿಳಿಯಬೇಕು, ಆಮೇಲೆ ಶೋಭಿಸಬಹುದು.

ಹಚ್ಚಬಾರದೆಂದ ಮೇಲೆ ಎಲ್ಲಿ ಹಚ್ಚಬಹುದೆಂದೂ ಹೇಳಬೇಕಷ್ಟೆ. ೧೧೭ನೆಯ ಕಲಮಿನ ಪ್ರಕಾರ ವಾಹನಗಳ ನಿಲುಗಡೆಯ ಸ್ಥಳಗಳನ್ನು ಸರಕಾರವಾಗಲಿ ಅದು ನೇಮಿಸಿದ ಅಧಿಕಾರಿಯಾಗಲಿ ಸ್ಥಳೀಯ ಸಂಸ್ಥೆಯೊಡನೆ ವಿಚಾರವಿನಿಮಯ ಮಾಡಿ ಗೊತ್ತುಪಡಿಸಬಹುದು. ಹಾವೇರಿ ಮತ್ತು ರಾಣೆಬೆನ್ನೂರಿನ ನಗರಸಭೆಗಳಿಗೂ ಬ್ಯಾಡಗಿಯ ಪುರಸಭೆಗೂ ಇಲ್ಲಿ ಒಂದು ಸ್ಥಾನವುಂಟು. ಸಾವಿರ ಜನ ಬರುವ ಪೇಟೆಯಲ್ಲಿ ನಿಲ್ಲಿಸಬಹುದಾದ ಜಾಗವನ್ನು ತೋರಿಸದೆ, ನಿಲ್ಲಿಸಬಾರದ ಜಾಗಗಳನ್ನು ಮಾತ್ರ ತೋರಿಸುವ ಊರಿನಲ್ಲಿ ವಸೂಲಿಯು ಶಿಸ್ತೆನಿಸುವುದಿಲ್ಲ, ಆದಾಯವೆನಿಸುತ್ತದೆ. ನಮ್ಮ ಶಿಲಾಶಾಸನಗಳಲ್ಲಿ ಊರನ್ನು ದತ್ತಿ ಬಿಡುವಾಗ ಸುಂಕದ ಜೊತೆಗೆ ‘ದಂಡದೋಷ’ದ ಹುಟ್ಟುವಳಿಯನ್ನೂ ಬಿಟ್ಟುಕೊಟ್ಟ ಉಲ್ಲೇಖಗಳಿವೆ. ಪ್ರಜೆಯ ತಪ್ಪು ಪ್ರಭುವಿಗೆ ಉತ್ಪನ್ನವಾಗಿದ್ದ ಕಾಲವದು.

ಬ್ಯಾಡಗಿಯ ಸ್ಥಿತಿಯು ಇನ್ನೂ ವಿಚಾರಣೀಯವಾದದ್ದು. ಭೌಗೋಳಿಕ ಗುರುತನ್ನು ೨೦೧೧ರಲ್ಲಿ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಪೇಟೆಗೆ ಸುಗ್ಗಿಯ ಸೋಮವಾರ, ಗುರುವಾರಗಳಲ್ಲಿ ಬಳ್ಳಾರಿ, ರಾಯಚೂರು ಸೀಮೆಗಳಿಂದಲೂ ಆಂಧ್ರದಿಂದಲೂ ಲಾರಿಗಳು, ಟ್ರ್ಯಾಕ್ಟರುಗಳು ಚೀಲಗಳನ್ನು ಹೇರಿಕೊಂಡು ಬರುತ್ತವೆ. ಊರಿನ ಮುಖ್ಯರಸ್ತೆಯ ಅಗಲೀಕರಣದ ವ್ಯಾಜ್ಯವು ಬಹು ವರ್ಷಗಳ ಕಾಲ ಎಳೆದಾಡಿದ್ದನ್ನು ಅಲ್ಲಿನವರು ಬಲ್ಲರು. ಇಕ್ಕಟ್ಟಿನಲ್ಲಿ ಸರತಿ ಕಾಯುತ್ತ ನಿಂತ ಟ್ರ್ಯಾಕ್ಟರು ನಿಲುಗಡೆಯೇ, ಸಂಚಾರವೇ? ಚೀಲ ಇಳಿಸಲು ನಿಂತದ್ದು ಅಡ್ಡಿಯೇ, ವ್ಯವಹಾರವೇ? ಮಾರುಕಟ್ಟೆಯ ಪ್ರಾಂಗಣದೊಳಗೆ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಅಂಕೆ, ಹೊರಗೆ ಪುರಸಭೆಯ ಅಂಕೆ, ರಸ್ತೆಯ ಮೇಲೆ ಪೊಲೀಸರ ಅಂಕೆ. ಮೂವರ ಚೀಟಿಗಳೂ ತೆಲುಗು ಮಾತ್ರ ಬಲ್ಲ ರೈತನಿಗೆ ಒಂದೇ ಬಣ್ಣವಾಗಿ ಕಾಣುವುದರಲ್ಲಿ ಆಶ್ಚರ್ಯವೇನು? ಕನ್ನಡ ಬಲ್ಲವನಿಗೇ ಅವು ಬೇರೆಯಾಗಿ ಕಾಣುತ್ತಿಲ್ಲ.

ಎಲ್ಲ ನಿಲುಗಡೆಯನ್ನೂ ಒಂದೇ ಹೆಸರಿನಿಂದ ಕರೆಯುವುದರ ಭೀಕರ ಮುಖವು ಪೇಟೆಯಲ್ಲಿ ಅಲ್ಲ, ಹೆದ್ದಾರಿಯಲ್ಲಿ ಕಾಣುತ್ತದೆ. ೨೦೨೪ರ ಜೂನ್ ೨೮ರ ನಸುಕಿನಲ್ಲಿ ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಕ್ರಾಸಿನ ಬಳಿ, ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಯಾತ್ರಿಕರ ವಾಹನವು ಹಿಂದಿನಿಂದ ಬಡಿದು ೧೩ ಜನ ಅಸುನೀಗಿದರು. ದೇವರ ದರ್ಶನ ಮಾಡಿ ಭದ್ರಾವತಿ ತಾಲೂಕಿನ ತಮ್ಮ ಊರಿಗೆ ಮರಳುತ್ತಿದ್ದವರು ಅವರು. ಆ ಪ್ರಕರಣದಲ್ಲಿ ತಪ್ಪು ಯಾರದೆಂದು ಹೇಳುವುದು ನ್ಯಾಯಾಲಯದ ಕೆಲಸ, ಪತ್ರಿಕೆಯದಲ್ಲ. ಆದರೆ ಹೆದ್ದಾರಿಯ ಅಂಚಿನಲ್ಲಿ ಕತ್ತಲಲ್ಲಿ ನಿಲ್ಲುವ ಭಾರಿ ವಾಹನವನ್ನು ನಮ್ಮ ಆಡುಮಾತು, ಕಚೇರಿಯ ಮಾತು ಎರಡೂ ಏನೆಂದು ಕರೆಯುತ್ತವೆ? ‘ಅಕ್ರಮ ಪಾರ್ಕಿಂಗ್’ ಎಂದು. ಔಷಧದ ಅಂಗಡಿಯ ಮುಂದೆ ವಾರೆಯಾಗಿ ನಿಂತ ಸ್ಕೂಟರಿಗೂ ಅದೇ ಹೆಸರು. ಕಾಯಿದೆಯ ೧೨೨ನೆಯ ಕಲಮು ಅಪಾಯಕರ ಸ್ಥಿತಿಯಲ್ಲಿ ವಾಹನವನ್ನು ಬಿಡುವುದೆಂದು ಇದನ್ನು ಪ್ರತ್ಯೇಕವಾಗಿ ಹೆಸರಿಸಿದೆ; ೨೦೧ನೆಯ ಕಲಮು ಸಂಚಾರಕ್ಕೆ ಅಡ್ಡಿಯೊಡ್ಡುವುದನ್ನು ಬೇರೆಯಾಗಿ ಹೇಳಿದೆ. ದುರ್ದೈವವೆಂದರೆ ಹೆಸರು ಬೇರೆ ಮಾಡಿದ ಕಾಯಿದೆಯು ಬೆಲೆಯನ್ನು ಬೇರೆ ಮಾಡಲಿಲ್ಲ: ೨೦೧೯ರ ತಿದ್ದುಪಡಿಯು ಮೊದಲ ಸಲದ ಅಪಾಯಕ್ಕೂ ಅಡ್ಡಿಗೂ ೫೦೦ ರೂಪಾಯಿಯನ್ನೇ ಮಿತಿಯಾಗಿ ಇರಿಸಿತು. ಸಾರ್ವಜನಿಕ ದಾರಿಗೆ ಅಡ್ಡಿ ಅಪಾಯಗಳನ್ನುಂಟುಮಾಡಿದವನಿಗೆ ಹಳೆಯ ದಂಡ ಸಂಹಿತೆಯಲ್ಲಿದ್ದ ಪರಮಾವಧಿ ದಂಡವು ೨೦೦ ರೂಪಾಯಿ. ಆ ದುರಂತವಾದ ಮೂರನೆಯ ದಿನ, ಜುಲೈ ೧ರಂದು, ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು ಅದನ್ನು ೫,೦೦೦ಕ್ಕೆ ಏರಿಸಿತು. ಸಾವಾದ ಮೇಲೆ ಕಠಿಣ ಕಲಮುಗಳು ಬರುತ್ತವೆಂಬುದು ನಿಜ. ಸಾವಾಗುವ ಮುಂಚೆ ಆ ಲಾರಿಯೂ ಒಂದು ‘ಪಾರ್ಕಿಂಗ್ ಕೇಸು’. ಎಣಿಕೆಯ ಪಟ್ಟಿಯಲ್ಲಿ ಸ್ಕೂಟರೂ ಲಾರಿಯೂ ಒಂದೇ ಅಂಕಣದಲ್ಲಿ ಕೂಡಿಹೋದರೆ, ಪೇಟೆಯಲ್ಲಿ ಹಿಡಿಯುವುದು ಸುಲಭವಾದುದರಿಂದ ಪೇಟೆಯಲ್ಲಿಯೇ ಹಿಡಿಯುತ್ತಾರೆ; ಹೆದ್ದಾರಿಯ ಕತ್ತಲು ಕತ್ತಲಾಗಿಯೇ ಉಳಿಯುತ್ತದೆ.

ಇತರ ದೇಶಗಳಲ್ಲಿ ಈ ಗೊಂದಲವಿಲ್ಲವೆಂದಲ್ಲ. ಇಂಗ್ಲೆಂಡಿನಲ್ಲಿ ೧೯೯೧ರ ಕಾಯಿದೆಯಿಂದ ಆರಂಭಿಸಿ ಸಾಧಾರಣ ನಿಲುಗಡೆಯ ತಪ್ಪುಗಳನ್ನು ಅಪರಾಧದ ಪಟ್ಟಿಯಿಂದ ತೆಗೆದು ನಗರಸಂಸ್ಥೆಗಳ ಕೈಗೆ ಕೊಡುತ್ತ ಬಂದರು. ೨೦೦೪ರಲ್ಲಿ ಮಾಡಿದ ಕಾಯಿದೆಯ ಮೇರೆಗೆ ೨೦೦೮ರ ಮಾರ್ಚ್ ೩೧ರಿಂದ ಬೀದಿಯ ನೌಕರನ ಹೆಸರನ್ನೂ ಬದಲಿಸಿ ‘ನಾಗರಿಕ ಜಾರಿ ಅಧಿಕಾರಿ’ ಎಂದರು. ಅಲ್ಲಿ ಪೊಲೀಸರು ಕೊಡುವುದು ಒಂದು ಚೀಟಿ. ಅದು ಅಪರಾಧದ ಬದಲಿಗೆ ಕಟ್ಟುವ ನಿಶ್ಚಿತ ದಂಡ. ನಗರಸಂಸ್ಥೆ ಕೊಡುವುದು ಇನ್ನೊಂದು. ಅದು ಅಪರಾಧವಲ್ಲ, ಸಂದಾಯವಾಗಬೇಕಾದ ಋಣ. ಅದನ್ನು ಅಲ್ಲಗಳೆಯಲು ಸ್ವತಂತ್ರ ನ್ಯಾಯಮಂಡಲಿಯಿದೆ. ಖಾಸಗಿ ಜಾಗದ ಒಡೆಯನು ಕೊಡುವುದು ಮೂರನೆಯದು. ಅದು ಕರಾರಿನ ಮೇಲಿನ ಬೇಡಿಕೆ. ಅಂಥ ೮೫ ಪೌಂಡುಗಳ ಬೇಡಿಕೆಯೊಂದು ೨೦೧೫ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ ಊರ್ಜಿತವಾಯಿತು. ಎರಡನೆಯ ಮೂರನೆಯ ಚೀಟಿಗಳ ಹೆಸರಿನ ಮೊದಲಕ್ಷರಗಳು ಒಂದೇ ಆಗಿರುವುದರಿಂದ ಅಲ್ಲಿನವರೂ ಮೋಸಹೋಗುತ್ತಾರೆ. ಆದರೂ ಭೇದವು ಪುಸ್ತಕದಲ್ಲಿದೆ, ಚೀಟಿಯ ಮೇಲಿದೆ, ಓದಿದವನಿಗೆ ತಿಳಿಯುತ್ತದೆ.

ನಮ್ಮಲ್ಲಿಯೂ ಗಾಳಿಯು ಅದೇ ದಿಕ್ಕಿಗೆ ಬೀಸತೊಡಗಿದೆ. ೨೦೨೩ರ ಜನ ವಿಶ್ವಾಸ ಕಾಯಿದೆಯು ೪೨ ಕಾಯಿದೆಗಳ ೧೮೩ ವಿಧಿಗಳನ್ನು ಸಡಿಲಿಸಿ, ಅನೇಕ ಕಡೆ ನ್ಯಾಯಾಲಯವು ವಿಧಿಸುವ ದಂಡದ ಬದಲಿಗೆ ಅಧಿಕಾರಿಯು ನಿರ್ಣಯಿಸುವ ದಂಡವನ್ನು ತಂದಿತು. ೨೦೨೫ರ ಆಗಸ್ಟಿನಲ್ಲಿ ಲೋಕಸಭೆಯಲ್ಲಿ ಮಂಡಿಸಿದ ಅದೇ ಜಾತಿಯ ಮಸೂದೆಯು ಮೋಟಾರು ವಾಹನಗಳ ಕಾಯಿದೆಯನ್ನೂ ತನ್ನ ಪಟ್ಟಿಯಲ್ಲಿ ಹಿಡಿದಿತ್ತು. ಮೇಲಿನ ವಾಕ್ಯವನ್ನು ಓದುಗರು ಇನ್ನೊಮ್ಮೆ ನೋಡಬೇಕು: ‘ದಂಡದ ಬದಲಿಗೆ ದಂಡ’ ಎಂದು ನಾವೇ ಬರೆಯಬೇಕಾಗಿ ಬಂದಿದೆ. ಇಂಗ್ಲಿಷಿನಲ್ಲಿ ಎರಡು ಶಬ್ದಗಳು, ಎರಡು ಅರ್ಥಗಳು. ಪಾರ್ಲಿಮೆಂಟು ದಿನಗಟ್ಟಲೆ ಚರ್ಚಿಸಿ ಒಂದನ್ನು ತೆಗೆದು ಇನ್ನೊಂದನ್ನು ಇಡುತ್ತದೆ. ಕನ್ನಡದಲ್ಲಿ ಓದಿದರೆ ಏನೂ ಆಗಿಲ್ಲ! ಅಪರಾಧವು ಅಪರಾಧವಲ್ಲದ ತಪ್ಪಾಗಿ ಮಾರ್ಪಟ್ಟಿತೆಂಬ ಸುದ್ದಿಯು ಕನ್ನಡಿಗನಿಗೆ ತಲುಪುವ ದಾರಿಯೇ ಇಲ್ಲ. ಆದುದರಿಂದ ನಾವು ಸೂಚಿಸುವುದು: ‘ದಂಡ’ವೆಂಬುದು ನ್ಯಾಯಾಲಯದ ಆಜ್ಞೆಗೆ ಮೀಸಲಾಗಲಿ. ಅಧಿಕಾರಿಯು ನಿರ್ಣಯಿಸಿದ್ದಕ್ಕೆ ನಮ್ಮ ಹಿರಿಯರ ಬಾಯಲ್ಲಿದ್ದ ‘ಜುಲ್ಮಾನೆ’ ಸಾಕು. ೨೦೦ನೆಯ ಕಲಮಿನದು ‘ರಾಜಿಹಣ’; ಜಾಗದ್ದು ‘ಶುಲ್ಕ’; ಎಳೆದೊಯ್ದದ್ದು ‘ವೆಚ್ಚ’. ‘ತಪ್ಪುಕಾಣಿಕೆ’ಯೆಂಬ ಸೊಗಸಾದ ಮಾತೊಂದು ನಮ್ಮಲ್ಲಿದ್ದರೂ ಅದನ್ನು ದೇವಸ್ಥಾನಕ್ಕೇ ಬಿಡುವುದು ಲೇಸು, ಪೊಲೀಸರಿಗೆ ಕಾಣಿಕೆಯೆಂಬ ಪದಪ್ರಯೋಗವು ಬೇರೆ ಅರ್ಥಕ್ಕೆ ಎಡೆಕೊಟ್ಟೀತು.

ಹೆಸರು ಕೆಟ್ಟುದರಿಂದ ನೀತಿಯೂ ಹೇಗೆ ಕೆಡುತ್ತದೆಂಬುದಕ್ಕೆ ಈಚಿನ ‘ರಿಯಾಯಿತಿ’ಗಳೇ ಸಾಕ್ಷಿ. ಹಾವೇರಿಯ ಸಮ್ಮೇಳನದ ಮರುತಿಂಗಳು, ೨೦೨೩ರ ಫೆಬ್ರುವರಿಯಲ್ಲಿ, ಬಾಕಿಯುಳಿದ ಸಂಚಾರ ಪ್ರಕರಣಗಳಿಗೆ ಅರ್ಧ ಹಣ ಕಟ್ಟಿದರೆ ಸಾಕೆಂದು ಸರಕಾರವು ಸಾರಿತು. ೨೦೨೫ರ ಆಗಸ್ಟ್ ೨೩ರಿಂದ ಸೆಪ್ಟೆಂಬರ್ ೧೨ರವರೆಗೂ ಅದೇ ಸೌಲಭ್ಯವಿತ್ತು. ಕೋಟಿಗಟ್ಟಲೆ ಹಣ ಬಂದಿತು, ನ್ಯಾಯಾಲಯದ ಹೊರೆ ಇಳಿಯಿತು, ನಾವು ಅಲ್ಲಗಳೆಯುವುದಿಲ್ಲ. ರಾಜಿಯಲ್ಲಿ ಮೊತ್ತ ಇಳಿಸುವುದು ಅಸಂಗತವೂ ಅಲ್ಲ. ಆದರೆ ‘ದಂಡದಲ್ಲಿ ಶೇಕಡಾ ೫೦ ರಿಯಾಯಿತಿ’ ಎಂಬ ಘೋಷಣೆಯು ದೀಪಾವಳಿಯ ಜವಳಿ ಅಂಗಡಿಯ ಭಾಷೆ. ಇಂಗ್ಲೆಂಡಿನ ನಗರಸಂಸ್ಥೆಯೂ ಅರ್ಧ ಬಿಡುತ್ತದೆ, ೧೪ ದಿನಗಳೊಳಗೆ ಕೊಟ್ಟವನಿಗೆ. ನಾವು ಬಿಡುವುದು ವರ್ಷಗಟ್ಟಲೆ ಕೊಡದೆ ಕುಳಿತವನಿಗೆ. ಅದೇ ದಿನ ಸ್ಥಳದಲ್ಲಿಯೇ ಪೂರ್ಣ ಕೊಟ್ಟ ರಾಣೆಬೆನ್ನೂರಿನ ಗೃಹಸ್ಥನು ಮುಂದಿನ ಸಲ ಯಾವ ಪಾಠವನ್ನು ನೆನಪಿಡುವನು?

ಸಂಚಾರದ ಕರ್ತವ್ಯದಲ್ಲಿರುವ ಪೊಲೀಸರ ಕಷ್ಟವೂ ನಮಗೆ ಗೊತ್ತು. ಬಿಸಿಲಲ್ಲಿ ನಿಂತವರಿಗೆ ಕಲಮು ವಿವರಿಸುತ್ತ ಕೂಡಲು ವೇಳೆಯಿಲ್ಲ. ಹೆಚ್ಚಿನವರು ಕೊಟ್ಟು ಹೋಗುವ ಆತುರದಲ್ಲಿರುತ್ತಾರೆ. ಸರಿಯೇ. ಬಾಯಿಂದ ವಿವರಿಸಬೇಕೆಂದು ಯಾರೂ ಕೇಳುತ್ತಿಲ್ಲ. ಕನ್ನಡವನ್ನು ರಾಜ್ಯದ ಆಡಳಿತಭಾಷೆಯೆಂದು ೧೯೬೩ರ ಕಾಯಿದೆಯೂ, ಸ್ಥಳೀಯ ಸಂಸ್ಥೆಗಳ ಭಾಷೆಯೆಂದು ೧೯೮೧ರ ಕಾಯಿದೆಯೂ ಸಾರಿವೆ. ಆ ಚೀಟಿಯ ತಲೆಯ ಮೇಲೆ ‘ಇದು ಆಪಾದನೆಯ ತಿಳಿವಳಿಕೆ, ತೀರ್ಪಲ್ಲ’ ಎಂಬ ಒಂದು ಸಾಲು. ಕೆಳಗೆ ಕಲಮಿನ ಸಂಖ್ಯೆ, ಬೇಡಿದ ಹಣದ ಹೆಸರು, ರಾಜಿಗೆ ಒಪ್ಪಿದರೆ ಮುಂದಿನ ಸಲಕ್ಕೆ ಅದು ಲೆಕ್ಕಕ್ಕೆ ಬರುವುದೆಂಬ ಎಚ್ಚರಿಕೆ, ಒಪ್ಪದಿದ್ದರೆ ಯಾವ ನ್ಯಾಯಾಲಯವೆಂಬ ಸೂಚನೆ. ಇಷ್ಟಕ್ಕೆ ಹೊಸ ಕಾಯಿದೆ ಬೇಡ, ಹೊಸ ನಮೂನೆ ಸಾಕು. ಕಾನೂನನ್ನು ಜಾರಿಮಾಡುವ ಅಧಿಕಾರಿಯೇ ತಪ್ಪಿದರೆ ಇಮ್ಮಡಿ ದಂಡವೆಂದು ೨೧೦-ಬಿ ಕಲಮು ಹೇಳುತ್ತದೆಂಬುದನ್ನೂ ಬೇಕಾದರೆ ಚೀಟಿಯ ಬೆನ್ನಿಗೆ ಅಚ್ಚು ಹಾಕಿಸಬಹುದು. ಜಿಲ್ಲಾ ಪೊಲೀಸು ಅಧೀಕ್ಷಕರು ಚೀಟಿಯ ನಮೂನೆಯನ್ನೂ, ಎರಡು ನಗರಸಭೆಗಳು ಹಾಗೂ ಬ್ಯಾಡಗಿಯ ಪುರಸಭೆಯು ಗಾಡಿ ಹಚ್ಚುವ ಜಾಗಗಳ ಪಟ್ಟಿಯನ್ನೂ ಮುಂದಿನ ಮೆಣಸಿನಕಾಯಿ ಸುಗ್ಗಿಯ ಮೊದಲ ಸೋಮವಾರದೊಳಗೆ ಸಿದ್ಧಪಡಿಸಲಿ. ಹೆದ್ದಾರಿಯ ಅಂಚಿನ ಲಾರಿಗಳಿಗೆ ಪಟ್ಟಿಯಲ್ಲಿ ಬೇರೆ ಅಂಕಣವೊಂದು ಆ ದಿನವೇ ಆರಂಭವಾಗಲಿ.